ಬಿಸಿಲಿನ ಕಾವನ್ನು ಮರಳಿನಲ್ಲಿ ಕೂಡಿಡುವುದು: ಡೇರಿಗೆಷ್ಟು, ಬ್ಯಾರನ್ನಿಗೆಷ್ಟು ಉಪಯೋಗ?

(ಹಾಲು ಉತ್ಪಾದಕರು ಹಾಗೂ ಹೊಗೆಸೊಪ್ಪು ಬೆಳೆಗಾರರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಪಾಠ)



ಮಳೆನೀರನ್ನು ಕೆರೆಯಲ್ಲಿ ಕೂಡಿಡುತ್ತೇವೆ. ಧಾನ್ಯವನ್ನು ಕಣಜದಲ್ಲಿ, ಹಸಿ ಮೇವನ್ನು ರಸಮೇವಿನ ಗುಂಡಿಯಲ್ಲಿ ಕೂಡಿಡುತ್ತೇವೆ. ಬೇಡವಾದ ಕಾಲದಲ್ಲಿ ಹೇರಳವಾಗಿ ಸಿಕ್ಕಿ, ಬೇಕಾದ ಕಾಲದಲ್ಲಿ ಸಿಗದ ಯಾವ ವಸ್ತುವನ್ನೇ ಆಗಲಿ ಕೂಡಿಡುವುದು ಬೇಸಾಯಗಾರನಿಗೆ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ. ಇಂದು ನಾನು ಹೇಳಹೊರಟಿರುವುದು ಕಾವನ್ನು, ಅಂದರೆ ಉಷ್ಣವನ್ನು, ಇದೇ ರೀತಿ ಕೂಡಿಡುವ ವಿಚಾರ. ನಾನು ಬೇಸಾಯ ಶಾಸ್ತ್ರದವನು, ಯಂತ್ರಶಾಸ್ತ್ರದವನಲ್ಲ. ಆದರೂ ಈ ವಿಷಯವನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ನಾವು ಬೆಳೆದ ಬೆಳೆ ಹೊಲದಿಂದ ಹೊರಟ ಮೇಲೆ ಅದಕ್ಕೆ ಬೀಳುವ ಖರ್ಚಿನಲ್ಲಿ ಬೆಂಕಿಯ ಖರ್ಚೇ ದೊಡ್ಡ ಪಾಲು. ಹೊಗೆಸೊಪ್ಪನ್ನು ಹದ ಮಾಡುವುದಕ್ಕೆ, ಹಾಲನ್ನು ಪುಡಿ ಮಾಡುವುದಕ್ಕೆ, ಅಡಿಕೆ ಬೇಯಿಸುವುದಕ್ಕೆ, ಏಲಕ್ಕಿ ಒಣಗಿಸುವುದಕ್ಕೆ, ಗೂಡಿನಿಂದ ರೇಷ್ಮೆ ಬಿಚ್ಚುವುದಕ್ಕೆ, ಎಲ್ಲಕ್ಕೂ ಕಾವು ಬೇಕು. ಈ ಖರ್ಚನ್ನು ಯಾರೋ ಕಾರ್ಖಾನೆಯವರು ಭರಿಸುತ್ತಾರೆಂದು ನಾವು ಭಾವಿಸುವುದುಂಟು. ಸಹಕಾರ ಸಂಘದ ಡೇರಿಯಲ್ಲಿ ಆವಿಪಾತ್ರೆಗೆ ಸುರಿಯುವ ಎಣ್ಣೆಯ ಹಣ ಹಾಲು ಹಾಕಿದವರ ಲೆಕ್ಕದಿಂದಲೇ ಹೋಗುತ್ತದೆ. ಬ್ಯಾರನ್ನಿನ ಸೌದೆಯ ಹಣವಂತೂ ನೇರವಾಗಿ ನಿಮ್ಮ ಜೇಬಿನದು.

ಇದರ ಜೊತೆಗೆ ಇನ್ನೊಂದು ವಿಷಯ. ಪ್ರಪಂಚದ ಕೈಗಾರಿಕೆಗಳು ಉಪಯೋಗಿಸುವ ಒಟ್ಟು ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಾವಿನ ರೂಪದಲ್ಲಿಯೇ ಖರ್ಚಾಗುತ್ತದೆ. ಇದರಲ್ಲಿ ಬಹುಪಾಲು ಕಲ್ಲಿದ್ದಲು, ಎಣ್ಣೆ ಮತ್ತು ಅನಿಲವನ್ನು ಸುಡುವುದರಿಂದ ಬರುತ್ತದೆ. ಹೀಗೆ ಸುಟ್ಟಾಗ ಹೊರಬೀಳುವ ಇಂಗಾಲದ ಡೈ ಆಕ್ಸೈಡು ವಾತಾವರಣದಲ್ಲಿ ಸೇರಿ ಭೂಮಿಯ ತಾಪವನ್ನು ಏರಿಸುತ್ತಿದೆ. ಮಳೆ ಹಿಂದುಮುಂದಾದರೆ ಮೊದಲು ನಷ್ಟಪಡುವವರು ಯಾರೆಂಬುದನ್ನು ಈ ಸಭೆಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಂಡಕ್ಕಿ ಭಟ್ಟಿಯ ಮರಳು

ದಾವಣಗೆರೆಯ ಮಂಡಕ್ಕಿ ಭಟ್ಟಿಯನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಬಾಣಲೆಯಲ್ಲಿ ಮರಳನ್ನು ಚೆನ್ನಾಗಿ ಕಾಯಿಸಿ ಅದರೊಳಗೆ ಅಕ್ಕಿಯನ್ನು ಹಾಕಿ ಕೈಯಾಡಿಸಿದ ಕ್ಷಣದಲ್ಲಿಯೇ ಅರಳುತ್ತದೆ. ಅಕ್ಕಿಗೆ ಬೆಂಕಿ ನೇರವಾಗಿ ತಾಗುವುದಿಲ್ಲ. ಬೆಂಕಿಯಿಂದ ಕಾವನ್ನು ಪಡೆದುಕೊಂಡು ಕಾಳಿಗೆ ತಲುಪಿಸುವುದು ಮರಳು. ಬಳಪದ ಕಲ್ಲಿನ ಪಾತ್ರೆಯಲ್ಲಿ ಮಾಡಿದ ಹುಳಿ ಒಲೆಯಿಂದ ಇಳಿಸಿದ ಮೇಲೂ ಸ್ವಲ್ಪ ಹೊತ್ತು ಕುದಿಯುತ್ತಿರುವುದನ್ನು ಹಳೆಯ ತಲೆಮಾರಿನ ಹೆಂಗಸರು ಬಲ್ಲರು. ಕಲ್ಲು, ಮರಳು, ಇಟ್ಟಿಗೆ ಇವು ಕಾವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುತ್ತವೆ. ಈ ಗುಣವನ್ನೇ ದೊಡ್ಡ ಪ್ರಮಾಣದಲ್ಲಿ ಉಪಯೋಗಿಸುವುದಕ್ಕೆ ಉಷ್ಣ ಸಂಗ್ರಹಣೆ ಎನ್ನುತ್ತಾರೆ.

ಕಬ್ಬಿಣದ ಕೈಗಾರಿಕೆಯಲ್ಲಿ ಇದು ಹಳೆಯ ಸಂಗತಿ. 1857ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಆಲ್ಫ್ರೆಡ್ ಕೌಪರ್ ಎಂಬ ಎಂಜಿನಿಯರು, ಊದುಕುಲುಮೆಯಿಂದ ವ್ಯರ್ಥವಾಗಿ ಹೋಗುತ್ತಿದ್ದ ಅನಿಲವನ್ನು ಉರಿಸಿ, ಜಾಲರಿಯಂತೆ ಜೋಡಿಸಿದ ಇಟ್ಟಿಗೆಗಳನ್ನು ಕಾಯಿಸುವ ಗೋಪುರಕ್ಕೆ ಹಕ್ಕುಪತ್ರ ಪಡೆದನು. ಒಂದು ಗೋಪುರ ಕಾಯುತ್ತಿರುವಾಗ, ಮೊದಲೇ ಕಾದ ಇನ್ನೊಂದು ಗೋಪುರದ ಮೂಲಕ ಗಾಳಿಯನ್ನು ಹಾಯಿಸಿ ಆ ಬಿಸಿಗಾಳಿಯನ್ನು ಕುಲುಮೆಗೆ ಊದುವುದು ಅವನ ಕ್ರಮ. ಪ್ರಪಂಚದ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಇಂದಿಗೂ ಇದೇ ಕ್ರಮವಿದೆ. ಆದುದರಿಂದ ಇಟ್ಟಿಗೆ ಕಾವನ್ನು ಹಿಡಿಯುತ್ತದೆಯೇ ಎಂಬ ಬಗ್ಗೆ ಸಂಶಯಕ್ಕೆ ಎಡೆಯಿಲ್ಲ. ಈಗ ಬದಲಾಗಿರುವುದು ಇಟ್ಟಿಗೆಯಲ್ಲ, ಅದನ್ನು ಕಾಯಿಸುವ ಮೂಲ. ಸೌರ ವಿದ್ಯುತ್ತು ಮತ್ತು ಗಾಳಿಯ ವಿದ್ಯುತ್ತು ಅಗ್ಗವಾಗಿವೆ, ಆದರೆ ನಮಗೆ ಬೇಕಾದ ಹೊತ್ತಿಗೆ ಸಿಗುವುದಿಲ್ಲ.

ಫಿನ್ಲೆಂಡ್ ದೇಶದ ಕಂಕಾನ್‌ಪಾ ಎಂಬ ಸಣ್ಣ ಪಟ್ಟಣದಲ್ಲಿ 2022ರಲ್ಲಿ ಒಂದು ಉಕ್ಕಿನ ಕಣಜವನ್ನು ಕಟ್ಟಿ ಅದರಲ್ಲಿ ಸುಮಾರು 100 ಟನ್ ಸಾಧಾರಣ ಮರಳನ್ನು ತುಂಬಿದರು. ಅಗಲ 4 ಮೀಟರು, ಎತ್ತರ 7 ಮೀಟರು, ನಮ್ಮ ಕಡೆಯ ಒಂದು ಸಾಧಾರಣ ನೀರಿನ ತೊಟ್ಟಿಗಿಂತ ಬಹಳ ದೊಡ್ಡದೇನಲ್ಲ. ವಿದ್ಯುತ್ತು ಅಗ್ಗವಾಗಿರುವ ಹೊತ್ತಿನಲ್ಲಿ ಗಾಳಿಯನ್ನು ಕಾಯಿಸಿ, ಮರಳಿನೊಳಗೆ ಹುದುಗಿಸಿದ ಕೊಳವೆಗಳಲ್ಲಿ ಹರಿಯಿಸುತ್ತಾರೆ. ಮರಳು 500ರಿಂದ 600 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯುತ್ತದೆ. ಬೇಕಾದಾಗ ಅದೇ ಕೊಳವೆಗಳಲ್ಲಿ ಗಾಳಿಯನ್ನು ಹಾಯಿಸಿ ಕಾವನ್ನು ಹೊರತೆಗೆದು ಊರಿನ ಮನೆಗಳನ್ನು ಬೆಚ್ಚಗಿಡುವ ಬಿಸಿನೀರಿನ ಜಾಲಕ್ಕೆ ಕೊಡುತ್ತಾರೆ. ಅದರಲ್ಲಿ ಹಿಡಿಯುವ ಕಾವು ಸುಮಾರು 8,000 ಯೂನಿಟ್ ವಿದ್ಯುತ್ತಿಗೆ ಸಮ. ಅದೇ ದೇಶದ ಪೊರ್ನೈನೆನ್ ಎಂಬಲ್ಲಿ 2025ರಲ್ಲಿ ಇದಕ್ಕಿಂತ ಹನ್ನೆರಡು ಪಾಲಿಗೂ ಮಿಗಿಲಾದ, ಒಂದು ಲಕ್ಷ ಯೂನಿಟ್ ಹಿಡಿಯುವ ಕಣಜ ಕೆಲಸ ಆರಂಭಿಸಿತು. ಅಲ್ಲಿ ತುಂಬಿರುವುದು ಹೊಳೆಮರಳಲ್ಲ. ಒಲೆ ತಯಾರಿಸುವ ಕಾರ್ಖಾನೆಯಲ್ಲಿ ಉಳಿದ ಬಳಪದ ಕಲ್ಲಿನ ಪುಡಿ, ಸುಮಾರು 2,000 ಟನ್.

ಇವು ಮನೆ ಬೆಚ್ಚಗಿಡುವ ಕೆಲಸಕ್ಕಾದವು. ಕಾರ್ಖಾನೆಗೂ ಇದು ಬಂದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಪಿಕ್ಸ್‌ಲೀ ಎಂಬಲ್ಲಿ ಎಥನಾಲ್ ತಯಾರಿಸುವ ಕಾರ್ಖಾನೆಯೊಂದು 2023ರಿಂದ ತನಗೆ ಬೇಕಾದ ಆವಿಯ ಒಂದು ಭಾಗವನ್ನು ಕಾದ ಇಟ್ಟಿಗೆಗಳಿಂದ ಪಡೆಯುತ್ತಿದೆ. ನಮ್ಮ ದೇಶದಲ್ಲಿ ರಾಜಸ್ಥಾನದ ಅಬು ರೋಡಿನ ಬಳಿ 770 ದೊಡ್ಡ ಕನ್ನಡಿ ತಟ್ಟೆಗಳು ಬಿಸಿಲನ್ನು ಒಂದೆಡೆ ಕೂಡಿಸಿ ಎರಕದ ಕಬ್ಬಿಣದ ಗಟ್ಟಿಗಳನ್ನು ಕಾಯಿಸುತ್ತವೆ. ಸೂರ್ಯ ಮುಳುಗಿದ ಮೇಲೂ ಆ ಕಬ್ಬಿಣದಿಂದ ಆವಿ ತೆಗೆಯಬಹುದು. ಅಲ್ಲಿ ವಿದ್ಯುತ್ತಿನ ಮಾತೇ ಇಲ್ಲದೆ ಬಿಸಿಲೇ ನೇರವಾಗಿ ಕಾವಾಗಿ ಕೂಡಿಕೊಳ್ಳುತ್ತದೆ.

ಪತ್ರಿಕೆಗಳಲ್ಲಿ ಇವನ್ನು ಮರಳಿನ ಬ್ಯಾಟರಿ ಎಂದು ಕರೆಯುತ್ತಾರೆ. ನನಗೆ ಈ ಹೆಸರು ಹಿಡಿಸುವುದಿಲ್ಲ. ಬ್ಯಾಟರಿಗೆ ವಿದ್ಯುತ್ತು ಕೊಟ್ಟರೆ ವಿದ್ಯುತ್ತು ಮರಳಿ ಬರುತ್ತದೆ. ಮರಳಿಗೆ ವಿದ್ಯುತ್ತು ಕೊಟ್ಟರೆ ಬರುವುದು ಕಾವು ಮಾತ್ರ. ಆ ಕಾವಿನಿಂದ ಮತ್ತೆ ವಿದ್ಯುತ್ತು ಮಾಡಹೊರಟರೆ ಅರ್ಧಕ್ಕಿಂತ ಹೆಚ್ಚು ಕಳೆದುಹೋಗುತ್ತದೆ. ರಾತ್ರಿ ಪಂಪ್‌ಸೆಟ್ ನಡೆಸಲು ಇದು ಬರುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ತೊಟ್ಟಿ ಮತ್ತು ತೂಬು

ಈಗ ಸ್ವಲ್ಪ ಲೆಕ್ಕ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಕ್ಯಾಲೊರಿ ಬೇಕು. ಒಂದು ಕಿಲೋ ಮರಳಿಗೆ ಅದರ ಐದನೆಯ ಒಂದು ಪಾಲು ಸಾಕು. ಹಾಗಾದರೆ ನೀರೇ ಮೇಲಲ್ಲವೇ ಎಂದು ನೀವು ಕೇಳಬಹುದು. ಸರಿಯೇ. ಆದರೆ ನೀರು 100 ಡಿಗ್ರಿಗೆ ಕುದಿದು ಆವಿಯಾಗುತ್ತದೆ. ಮರಳು 600 ಡಿಗ್ರಿಗೂ ಮರಳಾಗಿಯೇ ಇರುತ್ತದೆ. 600ರಿಂದ 200 ಡಿಗ್ರಿಗೆ ಇಳಿಯುವಾಗ ಒಂದು ಕಿಲೋ ಮರಳು 80 ಕಿಲೋಕ್ಯಾಲೊರಿ ಕೊಡುತ್ತದೆ. ಒಂದು ಯೂನಿಟ್ ವಿದ್ಯುತ್ತು ಎಂದರೆ 860 ಕಿಲೋಕ್ಯಾಲೊರಿ. ಈ ಲೆಕ್ಕದಲ್ಲಿ ಒಂದು ಟನ್ ಮರಳು 93 ಯೂನಿಟ್ ಹಿಡಿಯುತ್ತದೆ. ಇದರಿಂದ ಒಂದು ನಿಯಮ ತಾನಾಗಿಯೇ ಹೊರಡುತ್ತದೆ: 90 ಡಿಗ್ರಿಯೊಳಗಿನ ಬಿಸಿನೀರಷ್ಟೇ ಸಾಕಾಗುವ ಕೆಲಸಕ್ಕೆ ಚೆನ್ನಾಗಿ ಹೊದಿಸಿದ ನೀರಿನ ತೊಟ್ಟಿಯೇ ಉಷ್ಣ ಸಂಗ್ರಹ. ಮರಳು, ಇಟ್ಟಿಗೆ ಬೇಕಾಗುವುದು ಆವಿ ಅಥವಾ ಅದಕ್ಕಿಂತ ಬಿಸಿಯಾದ ಗಾಳಿ ಬೇಕಾದ ಕಡೆ.

ತೊಟ್ಟಿ ದೊಡ್ಡದಿದ್ದ ಮಾತ್ರಕ್ಕೆ ಆಗಲಿಲ್ಲ, ತೂಬೂ ದೊಡ್ಡದಿರಬೇಕೆಂಬುದು ನೀರಾವರಿ ಮಾಡುವವರಿಗೆ ಗೊತ್ತಿದೆ. ಮರಳಿನ ಮೂಲಕ ಕಾವು ಬಹಳ ನಿಧಾನವಾಗಿ ಹರಿಯುತ್ತದೆ. ಈ ನಿಧಾನದಿಂದಲೇ ಕಾವು ದಿನಗಟ್ಟಲೆ ಉಳಿಯುವುದು, ಇದರಿಂದಲೇ ಬೇಕಾದ ವೇಗದಲ್ಲಿ ಹೊರತೆಗೆಯುವುದೂ ಕಷ್ಟವಾಗುವುದು. ಎಷ್ಟು ಕೊಳವೆ, ಎಷ್ಟು ಅಂತರದಲ್ಲಿ, ಎಷ್ಟು ಗಾಳಿ ಎಂಬುದರಲ್ಲಿ ಎಂಜಿನಿಯರನ ಕೈಚಳಕವೆಲ್ಲ ಇದೆ. ಮರಳು ಅಗ್ಗ, ಆದುದರಿಂದ ಇಡೀ ಸಾಧನವೂ ಅಗ್ಗ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಉಕ್ಕಿನ ಕಣಜ, ಹೊದಿಕೆ, ಕಾಯಿಸುವ ತಂತಿಗಳು, ಗಾಳಿ ನೂಕುವ ಯಂತ್ರ, ಆವಿ ಮಾಡುವ ಪಾತ್ರೆ, ವಿದ್ಯುತ್ ಪರಿವರ್ತಕ, ಹಣ ಹೋಗುವುದು ಇವಕ್ಕೆ.

ಗಾತ್ರದ ಬಗ್ಗೆ ಇನ್ನೊಂದು ಮಾತು. ಹುಲ್ಲಿನ ಬಣವೆ ದೊಡ್ಡದಾದಷ್ಟೂ ಮಳೆಗೆ ಕೊಳೆಯುವ ಹೊರಪದರದ ಪಾಲು ಕಡಿಮೆ. ಕಾವಿಗೂ ಇದೇ ನ್ಯಾಯ. ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿ ಮಾಡಿದರೆ ಹಿಡಿಯುವ ಕಾವು ಎಂಟು ಪಟ್ಟಾಗುತ್ತದೆ, ಕಾವು ಸೋರುವ ಮೈ ನಾಲ್ಕು ಪಟ್ಟು ಮಾತ್ರ ಆಗುತ್ತದೆ. ಸಣ್ಣ ಪೆಟ್ಟಿಗೆಯಲ್ಲಿ ಕೂಡಿಟ್ಟ ಕಾವು ಬೆಳಗಾಗುವುದರೊಳಗೆ ಬಹಳಷ್ಟು ಸೋರಿರುತ್ತದೆ. ಇದು ಪ್ರತಿ ಮನೆಯ ಸಾಧನವಲ್ಲ, ಸಂಘದ ಅಥವಾ ಕಾರ್ಖಾನೆಯ ಸಾಧನ ಎಂದು ನಾನು ಹೇಳುವುದಕ್ಕೆ ಮೊದಲ ಕಾರಣ ಇದು.

ಹಾಲಿನ ಪುಡಿಯ ಲೆಕ್ಕ

ಡೇರಿಗೆ ಬರೋಣ. ಡೇರಿಯವರಿಗೆ ಉಷ್ಣ ಸಂಗ್ರಹಣೆ ಪರಕೀಯವೇನಲ್ಲ. ಹಾಲು ತಂಪು ಮಾಡುವ ಅನೇಕ ಕೇಂದ್ರಗಳಲ್ಲಿ ಮಂಜುಗಡ್ಡೆಯ ತೊಟ್ಟಿ ಇರುತ್ತದೆ. ಹಾಲು ಬರದ ಹೊತ್ತಿನಲ್ಲಿ ಗಡ್ಡೆ ಕಟ್ಟಿಸಿಟ್ಟು, ಹಾಲು ಬಂದೊಡನೆ ಆ ತಂಪನ್ನು ಉಪಯೋಗಿಸುತ್ತಾರೆ. ಕೂಡಿಡುವುದು ತಂಪಾದರೇನು, ಕಾವಾದರೇನು, ತತ್ತ್ವ ಒಂದೇ. ಪಾಶ್ಚರೀಕರಣದಲ್ಲಿ ಹಾಲನ್ನು 72 ಡಿಗ್ರಿಗೆ ಕಾಯಿಸಿ 15 ಸೆಕೆಂಡು ಹಿಡಿದು ತಣಿಸುತ್ತಾರಷ್ಟೆ. ಹೊರಗೆ ಹೋಗುವ ಬಿಸಿ ಹಾಲಿನ ಕಾವನ್ನು ಒಳಗೆ ಬರುವ ತಣ್ಣನೆ ಹಾಲಿಗೆ ದಾಟಿಸುವ ತಗಡುಗಳಿಂದಾಗಿ ಅಲ್ಲಿ ಹೊಸದಾಗಿ ಕೊಡಬೇಕಾದ ಕಾವು ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಅಲ್ಲಿ ಉಳಿಸುವುದಕ್ಕೆ ಹೆಚ್ಚೇನೂ ಇಲ್ಲ.

ಕಾವನ್ನು ನುಂಗುವುದು ಹಾಲಿನ ಪುಡಿ. ಲೆಕ್ಕಕ್ಕಾಗಿ ದಿನಕ್ಕೆ ಒಂದು ಲಕ್ಷ ಕಿಲೋ ಕೆನೆ ತೆಗೆದ ಹಾಲನ್ನು ಪುಡಿ ಮಾಡುವ ಘಟಕವನ್ನು ತೆಗೆದುಕೊಳ್ಳೋಣ. ಅದರಲ್ಲಿ ಘನಪದಾರ್ಥ ನೂರಕ್ಕೆ 9ರಷ್ಟು, ಉಳಿದದ್ದು ನೀರು. ಮೊದಲು ಒಂದರ ಆವಿಯಿಂದ ಇನ್ನೊಂದನ್ನು ಕುದಿಸುವ ಸಾಲು ಪಾತ್ರೆಗಳಲ್ಲಿ ಹಾಲನ್ನು ಮಂದ ಮಾಡುತ್ತಾರೆ. ಸುಮಾರು 80,000 ಕಿಲೋ ನೀರು ಅಲ್ಲಿ ಹೋಗುತ್ತದೆ, ಆದರೆ ಆ ಜಾಣ ಜೋಡಣೆಯಿಂದ 13 ಟನ್ನಿನಷ್ಟು ಆವಿಯಲ್ಲಿಯೇ ಕೆಲಸ ಮುಗಿಯುತ್ತದೆ. ಆ ಮೇಲೆ ಮಂದ ಹಾಲನ್ನು 180ರಿಂದ 200 ಡಿಗ್ರಿಯ ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸುತ್ತಾರೆ. ಇಲ್ಲಿ ಹೋಗುವ ನೀರು 9,000 ಕಿಲೋ ಚಿಲ್ಲರೆ, ಬೇಕಾಗುವ ಆವಿ ಮಾತ್ರ 19 ಟನ್ನಿನಷ್ಟು. ಒಟ್ಟು 32 ಟನ್ ಆವಿ. ಟನ್ನಿಗೆ 6 ಲಕ್ಷ ಕಿಲೋಕ್ಯಾಲೊರಿಯಂತೆ ದಿನಕ್ಕೆ 1 ಕೋಟಿ 92 ಲಕ್ಷ ಕಿಲೋಕ್ಯಾಲೊರಿ ಆಯಿತು.

ಒಂದು ಕಿಲೋ ಕುಲುಮೆ ಎಣ್ಣೆ ಆವಿಪಾತ್ರೆಯ ನಷ್ಟ ಕಳೆದು ಸುಮಾರು 8,000 ಕಿಲೋಕ್ಯಾಲೊರಿ ಕೊಡುತ್ತದೆ. ಅಂದರೆ ದಿನಕ್ಕೆ 2,400 ಕಿಲೋ ಎಣ್ಣೆ. ಎಣ್ಣೆ ಕಿಲೋಗೆ 50 ರೂಪಾಯಿ ಎಂದಿಟ್ಟುಕೊಂಡರೆ 1,20,000 ರೂಪಾಯಿ. ಪುಡಿಗೆ ಹೋದ ಪ್ರತಿ ಕಿಲೋ ಹಾಲಿನ ಮೇಲೆ 1 ರೂಪಾಯಿ 20 ಪೈಸೆ ಬೆಂಕಿಯ ಖರ್ಚು. ಹಾಲಿನ ದರದಲ್ಲಿ ಒಂದು ರೂಪಾಯಿಗಾಗಿ ನಾವು ಎಷ್ಟು ಅರ್ಜಿ ಬರೆಯುತ್ತೇವೆ ಎಂಬುದನ್ನು ನೆನೆದರೆ ಈ ಅಂಕಿಯ ತೂಕ ತಿಳಿಯುತ್ತದೆ. ಆ 2,400 ಕಿಲೋ ಎಣ್ಣೆಯಿಂದ ದಿನವೂ ಗಾಳಿಗೆ ಸೇರುವ ಇಂಗಾಲದ ಡೈ ಆಕ್ಸೈಡು ಏಳು ಟನ್ನಿಗೂ ಹೆಚ್ಚು.

ಈ ಒಂದು ದಿನದ ಕಾವನ್ನು ಹಿಡಿಯಲು ಎಷ್ಟು ಮರಳು ಬೇಕು? ಕಿಲೋಗೆ 80 ಕಿಲೋಕ್ಯಾಲೊರಿಯಂತೆ 240 ಟನ್. ಪೂರ್ತಿ ಕಾವು ಎಂದೂ ಹೊರಬರುವುದಿಲ್ಲವಾದುದರಿಂದ 300 ಟನ್ ಎನ್ನೋಣ. ಹತ್ತು ಟನ್ನಿನ ಮೂವತ್ತು ಲಾರಿ. 6 ಮೀಟರು ಅಗಲ, 7 ಮೀಟರು ಎತ್ತರದ ಕಣಜದಲ್ಲಿ ಇದು ಹಿಡಿಯುತ್ತದೆ. ಡೇರಿಯ ಹಿತ್ತಲಿನಲ್ಲಿ ಇಷ್ಟು ಸ್ಥಳ ಸಿಗುತ್ತದೆ. ಸೋರಿಕೆಯನ್ನೂ ಸೇರಿಸಿ ದಿನಕ್ಕೆ 24,500 ಯೂನಿಟ್ ವಿದ್ಯುತ್ತು ಬೇಕು. ಅದನ್ನು ಸೌರ ಫಲಕಗಳಿಂದಲೇ ಪಡೆಯುವುದಾದರೆ ಐದೂವರೆ ಮೆಗಾವ್ಯಾಟ್ ಸ್ಥಾವರ ಬೇಕಾಗುತ್ತದೆ, ಇಪ್ಪತ್ತರಿಂದ ಇಪ್ಪತ್ತೈದು ಎಕರೆ ಜಮೀನು. ಇದು ಹಿತ್ತಲಿನಲ್ಲಿ ಸಿಗುವುದಿಲ್ಲ! ಪಾವಗಡದಲ್ಲಿ ರೈತರಿಂದ ಗೇಣಿಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸ್ಥಾವರ ನಿಂತಿರುವುದು ನಿಮಗೆ ಗೊತ್ತಿದೆ. ಅಂಥ ಕಡೆಯಿಂದ ತಂತಿಯ ಮೂಲಕ ಬರುವ ಮಧ್ಯಾಹ್ನದ ವಿದ್ಯುತ್ತನ್ನು ಕೊಳ್ಳುವುದೇ ಬಹುತೇಕ ಡೇರಿಗಳಿಗೆ ದಾರಿ. ಆ ಹೊತ್ತಿನಲ್ಲಿ ಕೈಗಾರಿಕೆಗಳ ದರ ಸಾಮಾನ್ಯ ದರಕ್ಕಿಂತ ನೂರಕ್ಕೆ 20ರಷ್ಟಾದರೂ ಕಡಿಮೆಯಿರಬೇಕೆಂದು ಕೇಂದ್ರ ಸರ್ಕಾರ 2023ರ ಜೂನ್ ತಿಂಗಳಿನಲ್ಲಿ ನಿಯಮ ಮಾಡಿದೆ.

ಹಾಗಾದರೆ ಲಾಭವೋ ನಷ್ಟವೋ? ನೆನಪಿನಲ್ಲಿಡಲು ಸುಲಭವಾದ ಎರಡು ಅಂಕಿಗಳನ್ನು ಕೊಡುತ್ತೇನೆ. ಒಂದು ಕಿಲೋ ಕುಲುಮೆ ಎಣ್ಣೆಯ ಜಾಗವನ್ನು ತುಂಬಲು ಹತ್ತು ಯೂನಿಟ್ ವಿದ್ಯುತ್ತು ಬೇಕು. ಒಂದು ಕಿಲೋ ಒಣ ಸೌದೆಯ ಜಾಗವನ್ನು ತುಂಬಲು ಮೂರು ಯೂನಿಟ್ ಬೇಕು. ಹಗಲಿನ ಯೂನಿಟ್ಟು 3 ರೂಪಾಯಿಗೆ ಸಿಕ್ಕಿದರೆ ಎಣ್ಣೆಗೆ 30 ರೂಪಾಯಿ, ಸೌದೆಗೆ 9 ರೂಪಾಯಿ ಸಮವಾಯಿತು. 7 ರೂಪಾಯಿಯಾದರೆ 70 ಮತ್ತು 21. ಇದರ ಮೇಲೆ ಬಂಡವಾಳದ ಬಡ್ಡಿ ಬೇರೆ. ನಿಮ್ಮ ಡೇರಿ ಏನನ್ನು ಸುಡುತ್ತಿದೆ, ಯಾವ ಬೆಲೆಗೆ ಕೊಳ್ಳುತ್ತಿದೆ ಎಂಬುದನ್ನು ತಿಳಿದು ಈ ಅಂಕಿಗಳ ಪಕ್ಕದಲ್ಲಿ ಬರೆದು ನೋಡಿ. ಎಣ್ಣೆ ಸುಡುವ ಕಡೆ, ಅಗ್ಗದ ಹಗಲು ವಿದ್ಯುತ್ತು ಸಿಕ್ಕಿದರೆ, ಈ ವಿಚಾರವನ್ನು ಆಡಳಿತ ಮಂಡಳಿಯ ಮುಂದಿಡಲು ಯೋಗ್ಯವಾಗಿದೆ. ಹಳ್ಳಿಯಲ್ಲಿ ಸಿಗುವ ಕಡಲೆಕಾಯಿ ಸಿಪ್ಪೆಯ ಅಚ್ಚು ಅಥವಾ ಭತ್ತದ ಹೊಟ್ಟನ್ನು ಒಳ್ಳೆಯ ಆವಿಪಾತ್ರೆಯಲ್ಲಿ ಸುಡುತ್ತಿರುವ ಕಡೆ ಸದ್ಯಕ್ಕೆ ಅದನ್ನು ಕದಲಿಸುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಆ ಇಂಧನದ ಹಣ ರೈತನಿಗೇ ಬರುತ್ತದೆ, ಅದರ ಇಂಗಾಲವೂ ಬೆಳೆ ಗಾಳಿಯಿಂದಲೇ ಹೀರಿಕೊಂಡದ್ದು.

ಒಂದು ಎಚ್ಚರಿಕೆ ಕೊಡಬೇಕು. ರಾತ್ರಿ ಹೊತ್ತಿನ ಕಲ್ಲಿದ್ದಲಿನ ವಿದ್ಯುತ್ತಿನಿಂದ ಮರಳನ್ನು ಕಾಯಿಸುವುದು ಅವಿವೇಕ. ಒಂದು ಪಾಲು ವಿದ್ಯುತ್ತು ಮಾಡಲು ಸ್ಥಾವರದಲ್ಲಿ ಸುಮಾರು ಮೂರು ಪಾಲು ಕಲ್ಲಿದ್ದಲಿನ ಕಾವು ಖರ್ಚಾಗುತ್ತದೆ. ಅದನ್ನು ತಂತಿಯಲ್ಲಿ ತಂದು ಮತ್ತೆ ಕಾವು ಮಾಡುವುದಕ್ಕಿಂತ ಡೇರಿಯಲ್ಲಿ ನೇರವಾಗಿ ಸುಡುವುದೇ ಕಡಿಮೆ ಹೊಗೆಯ ದಾರಿ. ನಮ್ಮ ರಾಜ್ಯಕ್ಕೆ ಒಂದು ಅನುಕೂಲವಿದೆ. ಮಳೆಗಾಲದ ಮೋಡದಲ್ಲಿ ಬಿಸಿಲು ಇಳಿದಾಗ ಚಿತ್ರದುರ್ಗ, ಗದಗ ಕಡೆಯ ಗಾಳಿಯಂತ್ರಗಳು ಹೆಚ್ಚು ತಿರುಗುತ್ತವೆ. ಜೂನಿನಿಂದ ಸೆಪ್ಟೆಂಬರಿನವರೆಗಿನ ಆ ಗಾಳಿಯ ವಿದ್ಯುತ್ತೂ ಕಣಜಕ್ಕೆ ಸೇರಬಹುದು.

ಹೊಗೆಸೊಪ್ಪಿನ ಬ್ಯಾರನ್ನು

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯಿಂದ ಬಂದಿರುವವರು ಇಷ್ಟು ಹೊತ್ತು ತಮ್ಮ ಸರದಿಗಾಗಿ ಕಾಯುತ್ತಿದ್ದೀರಿ. ನಿಮ್ಮ ಕಷ್ಟ ಸೌದೆಯದು. ಬ್ಯಾರನ್ನಿನಲ್ಲಿ 3,000 ಕಿಲೋ ಹಸಿ ಎಲೆ ಏರಿಸಿ 450 ಕಿಲೋ ಹದವಾದ ಸೊಪ್ಪು ಇಳಿಸಿದಿರಿ ಎಂದಿಟ್ಟುಕೊಳ್ಳಿ. ಹೋದ ನೀರು 2,550 ಕಿಲೋ. ಅಷ್ಟನ್ನು ಆವಿ ಮಾಡಲು ನಿಜವಾಗಿ ಬೇಕಾದ ಕಾವು ಸುಮಾರು 15 ಲಕ್ಷ ಕಿಲೋಕ್ಯಾಲೊರಿ. ಕಿಲೋ ಸೊಪ್ಪಿಗೆ ನಾಲ್ಕೂವರೆ ಕಿಲೋ ಸೌದೆಯಂತೆ ನೀವು ಸುಟ್ಟಿದ್ದು ಎರಡು ಟನ್. ಅದರಲ್ಲಿದ್ದ ಕಾವು 70 ಲಕ್ಷ. ಐದರಲ್ಲಿ ಒಂದು ಪಾಲು ಎಲೆಯ ನೀರನ್ನು ಕಳೆಯಿತು, ಉಳಿದ ನಾಲ್ಕು ಪಾಲು ಗೋಡೆ, ಛಾವಣಿ, ಗಾಳಿಕಿಂಡಿ, ಹೊಗೆಕೊಳವೆಗಳಿಂದ ಹೊರಗೆ ಹೋಯಿತು.

ಇಂಥ ಬ್ಯಾರನ್ನಿಗೆ ಮರಳಿನ ಕಣಜ ಕೂಡಿಸಬಹುದೇ ಎಂದು ಅನೇಕರು ಕೇಳಿದ್ದೀರಿ. ಬ್ಯಾರನ್ನನ್ನು ಸುಧಾರಿಸಿ ಅರ್ಧ ಕಾವಾದರೂ ಎಲೆಗೆ ಸಲ್ಲುವಂತೆ ಮಾಡಿದರೂ ಆರು ದಿನಕ್ಕೆ 3,400 ಯೂನಿಟ್ಟಿಗೂ ಮೇಲೆ, ಸೋರಿಕೆ ಸೇರಿ ದಿನಕ್ಕೆ 600 ಯೂನಿಟ್ಟಿಗೂ ಹೆಚ್ಚು ಬೇಕು. ಹಗಲಿನ ಐದು ಗಂಟೆಯಲ್ಲಿ ಅದನ್ನು ತುಂಬಲು 120 ಕಿಲೋವ್ಯಾಟಿಗೆ ಕಡಿಮೆಯಿಲ್ಲದ ವಿದ್ಯುತ್ತು ಬೇಕು. ಊರಿನ ಹೊರಗಿನ ಪರಿವರ್ತಕದ ಮೇಲೆ ಬರೆದಿರುವ ಅಂಕಿಯನ್ನು ನೋಡಿದ್ದೀರಾ? ಎಷ್ಟೋ ಕಡೆ 63. ಅದರಲ್ಲಿ ಹತ್ತಾರು ಪಂಪ್‌ಸೆಟ್‌ಗಳು ಮೊದಲೇ ನೇತಾಡುತ್ತಿರುತ್ತವೆ. ಒಬ್ಬ ರೈತನ ಒಂದು ಬ್ಯಾರನ್ನಿಗೆ ಅಂಥ ಎರಡು ಪರಿವರ್ತಕ ಬೇಕಾದೀತು. ಸ್ವಂತ ಸೌರ ಫಲಕ ಹಾಕೋಣವೆಂದರೆ, ಬ್ಯಾರನ್ನು ಉರಿಯುವುದು ಜುಲೈಯಿಂದ ಮುಂದಕ್ಕೆ, ಮೋಡದ ಕಾಲದಲ್ಲಿ. ಆ ದಿನಗಳಲ್ಲಿ 150ಕ್ಕೂ ಹೆಚ್ಚು ಕಿಲೋವ್ಯಾಟಿನ ಫಲಕಗಳು ಬೇಕಾಗುತ್ತವೆ. ವರ್ಷದಲ್ಲಿ ಮೂರು ನಾಲ್ಕು ತಿಂಗಳು ದುಡಿದು ಉಳಿದ ಕಾಲ ತಣ್ಣಗೆ ಮಲಗುವ ಕಣಜಕ್ಕೆ ಸಾಲ ಮಾಡುವುದು, ಬಿತ್ತನೆಗೆ ಮಾತ್ರ ಹೂಡುವ ಎತ್ತನ್ನು ವರ್ಷವಿಡೀ ಸಾಕಿದಂತೆ. ಬ್ಯಾರನ್ನಿಗೆ ಮರಳಿನ ಕಣಜ ಬೇಡ. ಯಾರಾದರೂ ಸಣ್ಣ ಪೆಟ್ಟಿಗೆಯೊಂದನ್ನು ಹೊತ್ತು ತಂದು ಸೌದೆಯೇ ಬೇಡವೆಂದು ಹೇಳಿದರೆ ಈ 600 ಯೂನಿಟ್ಟಿನ ಲೆಕ್ಕವನ್ನು ಅವರ ಮುಂದಿಡಿ.

ಬೇಡ ಎಂದು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಕಾವನ್ನು ಕೂಡಿಡುವ ಮೊದಲು ಸೋರುವುದನ್ನು ನಿಲ್ಲಿಸಬೇಕು, ಮತ್ತು ಅದು ನಿಮ್ಮ ಕೈಯಲ್ಲಿಯೇ ಇದೆ. ಮೊದಲನೆಯದು ಸೌದೆಯ ತೇವ. ಆಗ ತಾನೇ ಕಡಿದ ಮರದಲ್ಲಿ ತೂಕದ ಅರ್ಧದಷ್ಟು ನೀರಿರುವುದುಂಟು. ಆ ಅರ್ಧ ಕಿಲೋ ನೀರನ್ನು ಆವಿ ಮಾಡಲು ಉಳಿದ ಅರ್ಧ ಕಿಲೋ ಮರ ತನ್ನ ಕಾವಿನಲ್ಲಿ 300 ಕಿಲೋಕ್ಯಾಲೊರಿ ತೆರಬೇಕು. ಕಿಲೋ ಒಣ ಸೌದೆಯಿಂದ ಬರುವ ಮೂರೂವರೆ ಸಾವಿರದ ಬದಲು ಎರಡು ಸಾವಿರದ ಆಸುಪಾಸು ಬರುತ್ತದೆ, ಉರಿಯೂ ಮಂಕಾಗಿ ಹೊಗೆಕೊಳವೆಯಲ್ಲಿ ಮಸಿ ಕಟ್ಟುತ್ತದೆ. ಬೇಸಿಗೆಯಲ್ಲಿಯೇ ಸೌದೆಯನ್ನು ಕೊಂಡು, ಸೀಳಿ, ಗಾಳಿಯಾಡುವಂತೆ ಒಟ್ಟಿ, ಮಳೆಗೆ ಮುಂಚೆ ಸೂರಿನ ಕೆಳಗೆ ಸೇರಿಸಿಕೊಳ್ಳಿ. ತೂಕದ ಲೆಕ್ಕದಲ್ಲಿ ಹಸಿ ಸೌದೆ ಕೊಳ್ಳುವವನು ನೀರಿಗೆ ಹಣ ಕೊಡುತ್ತಾನೆ.

ಎರಡನೆಯದು ಛಾವಣಿ. ಬಿಸಿಗಾಳಿ ಮೇಲೇರುವುದರಿಂದ ಹೆಂಚಿನ ಸಂದುಗಳಲ್ಲಿ ಹೋಗುವ ಕಾವು ಬಹಳ. ಛಾವಣಿಯ ಒಳಮೈಗೆ ಬೆಂಕಿ ಹಿಡಿಯದ ಹೊದಿಕೆ ಕೊಟ್ಟು, ಬಾಗಿಲು ಕಿಂಡಿಗಳ ಸಂದು ಮುಚ್ಚಿ, ತೆರೆಯಬೇಕಾದಾಗ ಮಾತ್ರ ತೆರೆಯುವಂತಿರಬೇಕು. ಎಲೆ ಹಳದಿಯಾಗುವ ಹಂತದಲ್ಲಿ 32ರಿಂದ 38 ಡಿಗ್ರಿ ಸಾಕು. ದಂಟು ಒಣಗುವ ಕೊನೆಯ ಹಂತದಲ್ಲಿ ಮಾತ್ರ 70ರ ಸುಮಾರಿಗೆ ಹೋಗಬೇಕು. ಕೊನೆಯ ಹಂತದಲ್ಲಿ ಎಲೆಯಿಂದ ಹೋಗುವ ನೀರು ಕಡಿಮೆಯಾದರೂ ಹಿಂದಿನಂತೆಯೇ ಕಿಂಡಿಗಳನ್ನು ತೆರೆದಿಡುವ ರೂಢಿ ಹಲವರಲ್ಲಿದೆ, ಅದು ಬರಿಯ ಕಾವನ್ನು ಹೊರಗಟ್ಟುವುದು. ಉಷ್ಣಮಾಪಕವಿಲ್ಲದ ಬ್ಯಾರನ್ನು ಇಂದಿಗೂ ಇರುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ, ಅದರ ಬೆಲೆ ಒಂದು ಹೊರೆ ಸೌದೆಗಿಂತ ಹೆಚ್ಚಿಲ್ಲ.

ಮಿಕ್ಕ ಕಸುಬುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯೇ ಇಂಧನ, ಅಲ್ಲಿ ಒಲೆಯನ್ನು ಸರಿಪಡಿಸಿ ಸಿಪ್ಪೆ ಉಳಿಸುವುದೇ ಲಾಭ, ಮರಳಿನ ಗೊಡವೆ ಬೇಡ. ಏಲಕ್ಕಿ, ಕೊಬ್ಬರಿ ಇವಕ್ಕೆ 50, 60 ಡಿಗ್ರಿಯ ಗಾಳಿ ಸಾಕು. ಇಷ್ಟು ಕಡಿಮೆ ಕಾವಿಗೆ ಈಗ ಶಾಖ ಪಂಪುಗಳು ಬಂದಿವೆ. ತಣ್ಣೀರು ಪೆಟ್ಟಿಗೆಯ ತತ್ತ್ವವನ್ನೇ ತಿರುವಿಹಾಕಿ ಹೊರಗಿನ ಗಾಳಿಯ ಕಾವನ್ನು ಒಳಗೆ ತರುವ ಈ ಯಂತ್ರ, ಒಂದು ಯೂನಿಟ್ಟಿಗೆ ಮೂರು ಯೂನಿಟ್ಟಿನಷ್ಟು ಕಾವು ಕೊಡುತ್ತದೆ. ಮರಳು ಒಂದಕ್ಕೆ ಒಂದನ್ನೂ ಪೂರ್ತಿ ಕೊಡುವುದಿಲ್ಲ. ಬೇಕಾದ ಕಾವು ಕಡಿಮೆಯಿದ್ದಲ್ಲಿ ಮರಳನ್ನು 600 ಡಿಗ್ರಿಗೆ ಕಾಯಿಸುವುದು ಗುಬ್ಬಿಗೆ ಬ್ರಹ್ಮಾಸ್ತ್ರ ಹೂಡಿದ ಹಾಗೆ.

ಭಾಷಣದ ನಡುವೆ ಚೀಟಿಯಲ್ಲಿ ಬಂದ ಎರಡು ಪ್ರಶ್ನೆಗಳಿವೆ. ಒಬ್ಬರು ರೇಷ್ಮೆ ನೂಲು ಬಿಚ್ಚುವ ಘಟಕದ ಬಗ್ಗೆ ಕೇಳಿದ್ದಾರೆ. ಅಲ್ಲಿ ಬೇಕಾದದ್ದು ಬಹುಮಟ್ಟಿಗೆ ಬಿಸಿನೀರು. ಛಾವಣಿಯ ಮೇಲಿನ ಸೌರ ನೀರು ಕಾಯಿಸುವ ಸಾಧನದಿಂದ 60 ಡಿಗ್ರಿಯವರೆಗೆ ಕಾದ ನೀರನ್ನು ಹೊದಿಸಿದ ತೊಟ್ಟಿಯಲ್ಲಿಟ್ಟು, ಕುದಿಸುವ ಕೊನೆಯ ಹಂತಕ್ಕೆ ಮಾತ್ರ ಒಲೆ ಉಪಯೋಗಿಸಿದರೆ ಸೌದೆ ಅರ್ಧಕ್ಕೆ ಇಳಿಯುವ ಸಂಭವವಿದೆ. 25ರಿಂದ 95 ಡಿಗ್ರಿಗೆ ಏರಬೇಕಾದ ನೀರಿನ ಅರ್ಧ ದಾರಿಯನ್ನು ಬಿಸಿಲೇ ಸವೆಸಿಕೊಡುತ್ತದೆ. ಆ ತೊಟ್ಟಿಯೇ ಅವರ ಉಷ್ಣ ಸಂಗ್ರಹ.

ಎರಡನೆಯ ಪ್ರಶ್ನೆ, ಹೊಳೆಮರಳೇ ಸಿಗದ ಈ ಕಾಲದಲ್ಲಿ ನೂರಾರು ಟನ್ ಮರಳನ್ನು ಎಲ್ಲಿಂದ ತರುವುದು ಎಂಬುದು. ಒಳ್ಳೆಯ ಪ್ರಶ್ನೆ. ಹೊಳೆಮರಳೇ ಆಗಬೇಕೆಂದಿಲ್ಲ. ಪೊರ್ನೈನೆನ್‌ನವರು ಕಾರ್ಖಾನೆಯ ಕಲ್ಲುಪುಡಿಯನ್ನೇ ತುಂಬಿದರಲ್ಲ, ನಮ್ಮಲ್ಲಿಯೂ ಕಲ್ಲುಗಣಿಗಳ ಪಕ್ಕದಲ್ಲಿ ಪುಡಿಯ ಗುಡ್ಡಗಳೇ ಬಿದ್ದಿವೆ. ಆದರೆ ನಮ್ಮ ಕಗ್ಗಲ್ಲಿನಲ್ಲಿ ಬೆಣಚು ಬೆರೆತಿರುತ್ತದೆ. ಬೆಣಚು 573 ಡಿಗ್ರಿಯಲ್ಲಿ ತನ್ನ ಹರಳಿನ ರಚನೆಯನ್ನು ಬದಲಾಯಿಸಿ ಒಮ್ಮೆಗೇ ಹಿಗ್ಗುತ್ತದೆ. ದಿನವೂ ಆ ಗಡಿಯನ್ನು ದಾಟಿ ಹಿಂದಿರುಗುವ ಕಲ್ಲು ಕ್ರಮೇಣ ಬಿರಿದು ಹಿಟ್ಟಾಗಬಹುದು, ಹಿಟ್ಟಾದರೆ ಕೊಳವೆಗಳ ಸುತ್ತ ಬಿಗಿದು ಕೂರುತ್ತದೆ. ಆದುದರಿಂದ ಯಾವ ಗಣಿಯ ಪುಡಿಯನ್ನೇ ಆಗಲಿ, ಕಣಜಕ್ಕೆ ತುಂಬುವ ಮೊದಲು ಕೆಲವು ಕಿಲೋಗಳನ್ನು ನೂರಾರು ಬಾರಿ ಕಾಯಿಸಿ ತಣಿಸಿ, ಜರಡಿಯಾಡಿಸಿ, ಹಿಟ್ಟು ಎಷ್ಟಾಯಿತೆಂದು ತೂಗಿ ನೋಡಬೇಕು. ಅಥವಾ 550 ಡಿಗ್ರಿಗೇ ನಿಲ್ಲಿಸಿ, ಮರಳನ್ನು ಸ್ವಲ್ಪ ಹೆಚ್ಚು ತುಂಬಬೇಕು.